ವಿಚ್ಛೇದನ ಆದ ಮೇಲೂ ಹಲ್ಲೆಗೆ ಪರಿಹಾರ ಕೇಳಬಹುದು: ದಾಖಲೆ, ದಾವೆ, ವಸೂಲಿ

ವಿಚ್ಛೇದನದ ಡಿಕ್ರಿ ಬಂದ ಮೇಲೆ ಹಳೆಯ ಹೊಡೆತಕ್ಕೆ ಇನ್ನೇನೂ ಕೇಳುವಂತಿಲ್ಲ ಎಂದು ನಂಬಿ ಸುಮ್ಮನಾದವರು ಬಹಳ ಮಂದಿ. ಆ ನಂಬಿಕೆ ತಪ್ಪು. ಡಿಕ್ರಿಯಿಂದ ಮುಗಿಯುವುದು ಮದುವೆ. ಮುರಿದ ಕೈಗೆ, ಹರಿದ ಕಿವಿತಮಟೆಗೆ, ಉದುರಿದ ಹಲ್ಲಿಗೆ ಹೊಡೆದವನು ತೆರಬೇಕಾದ ಹಣದ ಹೊಣೆ ಅದರ ಜೊತೆ ಮುಗಿಯುವುದಿಲ್ಲ. ಜೀವನಾಂಶ ಸಿಕ್ಕಿದೆ, ಇನ್ನೇನು ಎಂದು ಕೇಳುವವರಿಗೂ ಇದನ್ನೇ ಹೇಳಬೇಕು. ಜೀವನಾಂಶ ಕೊಡುವುದು ಬದುಕು ನಡೆಸಲಿಕ್ಕೆ. ನಷ್ಟಪರಿಹಾರ ಕೊಡುವುದು ಮೈಮೇಲೆ ಕೈ ಮಾಡಿದ್ದಕ್ಕೆ. ಒಂದನ್ನು ಪಡೆದ ಮಾತ್ರಕ್ಕೆ ಇನ್ನೊಂದು ಬಿದ್ದುಹೋಗುವುದಿಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ಮೂರು ದಾರಿಗಳಿವೆ: ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ, ಸಿವಿಲ್ ನ್ಯಾಯಾಲಯದಲ್ಲಿ ನಷ್ಟಪರಿಹಾರದ ದಾವೆ, ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯ ಜೊತೆಗೆ ಪರಿಹಾರ. ಹೆಚ್ಚಿನ ಹೆಂಗಸರಿಗೆ ಮೊದಲ ದಾರಿಯೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಗಾಯ ದೊಡ್ಡದು, ಹೊಡೆದವನ ಹೆಸರಿನಲ್ಲಿ ಆಸ್ತಿಯೂ ಇದೆ ಎಂದಾದರೆ ಮಾತ್ರ ಎರಡನೆಯದಕ್ಕೆ ಕೈ ಹಾಕಬೇಕು. ಮೂರನೆಯದು ತಾನಾಗಿ ಬಂದರೆ ಬರಲಿ, ಅದನ್ನೇ ನೆಚ್ಚಿ ಕೂರಬಾರದು.

ಯಾವ ದಾರಿ ಹಿಡಿದರೂ ಪ್ರಕರಣ ನಿಲ್ಲುವುದು ಅಥವಾ ಬೀಳುವುದು ಆಸ್ಪತ್ರೆಯಲ್ಲಿ ಬರೆದ ಒಂದು ಸಾಲಿನ ಮೇಲೆ. ಹೊಡೆತ ತಿಂದು ಆಸ್ಪತ್ರೆಗೆ ಹೋದವರು, ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುವಾಗ, “ಬಚ್ಚಲಲ್ಲಿ ಜಾರಿ ಬಿದ್ದೆ” ಎನ್ನುತ್ತಾರೆ. ವೈದ್ಯರು ಅದನ್ನೇ ಬರೆಯುತ್ತಾರೆ. ವರ್ಷಗಳ ನಂತರ ಪಾಟೀ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಆ ಒಂದು ಸಾಲನ್ನು ಎತ್ತಿ ಹಿಡಿಯುತ್ತಾರೆ. ಆದ್ದರಿಂದ ಯಾರು ಹೊಡೆದರು, ಯಾವುದರಿಂದ, ಎಷ್ಟು ಹೊತ್ತಿಗೆ ಎಂಬುದನ್ನು ವೈದ್ಯರಿಗೆ ನೇರವಾಗಿ ಹೇಳಿ, ಎಂಎಲ್‌ಸಿ (ಪೊಲೀಸರಿಗೂ ತಿಳಿಸಬೇಕಾದ ಗಾಯ ಎಂದು ಆಸ್ಪತ್ರೆ ಮಾಡುವ ದಾಖಲೆ) ಮಾಡಿಸಿ, ಅದರ ನಂಬರು ಬರೆದಿಟ್ಟುಕೊಳ್ಳಿ. ಮೊದಲ ದಿನ ಸುಳ್ಳು ಹೇಳಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಮುಂದಿನ ಭೇಟಿಯಲ್ಲಿ ನಿಜ ಹೇಳಿ ದಾಖಲಿಸಿ. ಮೊದಲು ಯಾಕೆ ಹೇಳಲಿಲ್ಲ ಎಂಬುದನ್ನೂ ಅರ್ಜಿಯಲ್ಲಿ ನೀವೇ ಬರೆಯಿರಿ, ಪಾಟೀ ಸವಾಲಿನವರೆಗೆ ಬಚ್ಚಿಡಬೇಡಿ.

ಕೆಲವು ಗಾಯಗಳು ಬೇಗ ಮಾಯುತ್ತವೆ, ಕೆಲವು ತಡವಾಗಿ ಕಾಣಿಸುತ್ತವೆ. ಕಪಾಳಕ್ಕೆ ಬಿದ್ದ ಏಟಿಗೆ ಕಿವಿತಮಟೆ ಹರಿದಿದ್ದರೆ ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಆಮೇಲೆ ತೋರಿಸಲು ಏನೂ ಉಳಿದಿರುವುದಿಲ್ಲ. ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಎರಡು ಮೂರು ದಿನದೊಳಗೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ ಆಡಿಯೋಗ್ರಾಮ್ (ಕಿವಿ ಎಷ್ಟು ಕೇಳಿಸುತ್ತದೆ ಎಂಬ ಪರೀಕ್ಷೆ) ಮಾಡಿಸಬೇಕು. ಬಾವು, ಕಂದು ಗುರುತುಗಳು ಮೊದಲ ದಿನಕ್ಕಿಂತ ಎರಡನೇ ಮೂರನೇ ದಿನ ಹೆಚ್ಚು ಎದ್ದು ಕಾಣುತ್ತವೆ. ಹಾಗಾಗಿ ಮೊದಲ ದಿನ, ಮೂರನೇ ದಿನ, ಆರನೇ ದಿನ ಫೋಟೋ ತೆಗೆಯಿರಿ. ಪ್ರತಿ ಬಾರಿ ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ, ಮುಖವೂ ಗಾಯವೂ ಒಟ್ಟಿಗೆ ಕಾಣುವ ಒಂದು ಫೋಟೋ ಇರಲಿ. ಕತ್ತು ಹಿಸುಕಿದ್ದರೆ ಹೊರಗೆ ಗುರುತೇ ಇಲ್ಲದಿರಬಹುದು. ದನಿ ಒಡೆದಿರುವುದು, ನುಂಗಲು ನೋವು, ಕಣ್ಣಿನ ಬಿಳಿಭಾಗದಲ್ಲಿ ರಕ್ತದ ಚುಕ್ಕಿ, ಇವನ್ನೆಲ್ಲ ವೈದ್ಯರಿಗೆ ಹೇಳಿ ಬರೆಸಬೇಕು. ಇದು ಸಾಕ್ಷ್ಯದ ಮಾತಷ್ಟೇ ಅಲ್ಲ. ಕತ್ತು ಹಿಸುಕಿದ ಅಪಾಯ ತಡವಾಗಿಯೂ ಕಾಣಿಸಿಕೊಳ್ಳಬಹುದು, ಆದ್ದರಿಂದ ಅವತ್ತೇ ಆಸ್ಪತ್ರೆಗೆ ಹೋಗಲೇಬೇಕು.

ಹಲ್ಲು ಮುರಿದಿದ್ದರೆ ಅದನ್ನು ಸಣ್ಣ ಗಾಯ ಎಂದು ಬರೆಸಿಕೊಂಡು ಬರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ಮೂಳೆ ಅಥವಾ ಹಲ್ಲು ಮುರಿಯುವುದು ತೀವ್ರ ಸ್ವರೂಪದ ಗಾಯವೇ. 15 ದಿನ ನಿತ್ಯದ ಕೆಲಸ ಮಾಡಲಾಗದಂತಾದರೂ ಅಷ್ಟೇ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ಸಾಧಾರಣ ಗಾಯ ಎಂದಾದರೆ ಠಾಣೆಯಲ್ಲಿ ಎನ್‌ಸಿಆರ್ (ಪೊಲೀಸರು ತಾವಾಗಿ ತನಿಖೆ ಮಾಡಲಾಗದ ದೂರಿನ ದಾಖಲೆ) ಕೊಟ್ಟು ಕಳಿಸುತ್ತಾರೆ. ತೀವ್ರ ಗಾಯವಾದರೆ ಎಫ್‌ಐಆರ್ ಆಗಬೇಕು, ಅದರ ಒಂದು ಪ್ರತಿ ದೂರುದಾರರಿಗೆ ಉಚಿತವಾಗಿ ಸಿಗಬೇಕು. ಗಾಯದ ಪ್ರಮಾಣಪತ್ರದಲ್ಲಿರುವ ಒಂದು ಪದದಿಂದ ಇಷ್ಟು ವ್ಯತ್ಯಾಸವಾಗುತ್ತದೆ.

ಫೋಟೋ, ಆಡಿಯೋ, ಮೆಸೇಜುಗಳ ಬಗ್ಗೆ ಒಂದು ಎಚ್ಚರಿಕೆ. ವಾಟ್ಸಾಪ್‌ನಲ್ಲಿ ತಂಗಿಗೆ ಕಳಿಸಿ ಫೋನಿನಿಂದ ಅಳಿಸಿಬಿಟ್ಟರೆ ಉಳಿಯುವುದು ಕುಗ್ಗಿದ ನಕಲು ಮಾತ್ರ, ತೆಗೆದ ದಿನ ಸಮಯದ ವಿವರ ಅದರಲ್ಲಿ ಇರುವುದಿಲ್ಲ. ಮೂಲ ಫೈಲು ಮೂಲ ಫೋನಿನಲ್ಲೇ ಇರಲಿ, ಫೋನ್ ಬದಲಿಸಿದರೂ ಹಳೆಯದನ್ನು ಮಾರಬೇಡಿ. ಪ್ರಿಂಟ್ ಅಥವಾ ಪೆನ್‌ಡ್ರೈವ್ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎ ಮತ್ತು ಬಿ ಎಂಬ ಎರಡು ಭಾಗಗಳಿವೆ. ಮೊದಲನೆಯದನ್ನು ದಾಖಲೆ ಕೊಡುವವರು, ಎರಡನೆಯದನ್ನು ತಜ್ಞರು ತುಂಬಬೇಕು. ಫೈಲು ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಸಂಖ್ಯೆಯೂ ಅದರಲ್ಲಿ ಇರಬೇಕು. ಗಂಡ ಹೆಂಡತಿಯ ನಡುವಿನ ಮಾತು ಗೋಪ್ಯ, ಅದನ್ನು ನ್ಯಾಯಾಲಯದಲ್ಲಿ ಹೇಳುವಂತಿಲ್ಲ ಎಂಬ ಆಕ್ಷೇಪ ಬಂದರೆ ಹೆದರಬೇಕಿಲ್ಲ. ಇಬ್ಬರ ನಡುವಿನದೇ ದಾವೆಯಲ್ಲಿ ಆ ನಿರ್ಬಂಧ ಅನ್ವಯಿಸುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ.

ಈಗ ಮ್ಯಾಜಿಸ್ಟ್ರೇಟರ ಮುಂದಿನ ಅರ್ಜಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 22ನೇ ಕಲಂ ಮೈಗಾದ ಗಾಯಕ್ಕೂ ಮಾನಸಿಕ ಹಿಂಸೆಗೂ ಪರಿಹಾರ ಕೊಡಿಸುತ್ತದೆ. 20ನೇ ಕಲಂ ಆಸ್ಪತ್ರೆ ಖರ್ಚು, ಕಳೆದುಹೋದ ಸಂಪಾದನೆ, ಹಾಳಾದ ವಸ್ತುಗಳ ನಷ್ಟಕ್ಕೆ. ಇವೆರಡನ್ನೂ ಒಂದೇ ಮೊತ್ತದಲ್ಲಿ ಕಲಸಿ “ಪರಿಹಾರ ಹತ್ತು ಲಕ್ಷ” ಎಂದು ಕೊನೆಯಲ್ಲಿ ಒಂದು ಸಾಲು ಬರೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದರಿಂದ ಎರಡು ನಷ್ಟ. ಆಧಾರ ಕಾಣದ ಮೊತ್ತವನ್ನು ನ್ಯಾಯಾಲಯ ತನಗೆ ತೋಚಿದಷ್ಟಕ್ಕೆ ಇಳಿಸುತ್ತದೆ. ಜೊತೆಗೆ, ಹಣ ಕಟ್ಟದಿದ್ದರೆ ಅವನ ಮಾಲೀಕರಿಂದಲೇ ಸಂಬಳ ಹಿಡಿಸಿ ಕೊಡಿಸುವ 20ನೇ ಕಲಮಿನ 6ನೇ ಉಪಕಲಂ ಆ ಕಲಮಿನ ಹಣಕ್ಕೆ ಮಾತ್ರ ನೇರವಾಗಿ ಸಿಗುತ್ತದೆ. ಆದ್ದರಿಂದ ಬಿಲ್ಲಿನಲ್ಲಿ ತೋರಿಸಬಹುದಾದದ್ದನ್ನೆಲ್ಲ 20ರ ಅಡಿ ಲೆಕ್ಕಹಾಕಿ ಕೇಳಿ. ನೋವು, ಭಯ, ಅವಮಾನ, ಮುಖದ ಕಲೆ ಇವುಗಳಿಗೆ 22ರ ಅಡಿ ಬೇರೆ ಮೊತ್ತ ಕೇಳಿ. ಅರ್ಜಿಯಲ್ಲಿ ಪ್ರತಿ ಘಟನೆಗೂ ಒಂದು ಪ್ಯಾರಾ ಇರಲಿ: ದಿನ, ಹೊತ್ತು, ಜಾಗ, ಯಾವುದರಿಂದ ಹೊಡೆದದ್ದು, ಯಾರು ನೋಡಿದರು, ಯಾವ ಆಸ್ಪತ್ರೆ, ಎಂಎಲ್‌ಸಿ ನಂಬರು. “ಆಗಾಗ ಹೊಡೆಯುತ್ತಿದ್ದ” ಎಂಬ ಮಾತನ್ನು ಸಾಬೀತು ಮಾಡುವುದು ಯಾರಿಂದಲೂ ಆಗದು.

ಅರ್ಜಿಯನ್ನು ನೀವು ಈಗ ಇರುವ ಊರಿನಲ್ಲೇ ಹಾಕಬಹುದು. ತವರಿಗೆ ಬಂದು ತಾತ್ಕಾಲಿಕವಾಗಿ ಇದ್ದರೂ ಸಾಕು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳು. ಅವರ ಕಚೇರಿಯಲ್ಲಿ ಕೌಟುಂಬಿಕ ಘಟನಾ ವರದಿ ಬರೆಸಬಹುದು, ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು. ಮೊದಲ ವಿಚಾರಣೆ ಮೂರು ದಿನದೊಳಗೆ, ತೀರ್ಮಾನ 60 ದಿನದೊಳಗೆ ಆಗುವಂತೆ ನೋಡಿಕೊಳ್ಳಬೇಕು ಎಂದು ಕಾಯ್ದೆ ಹೇಳುತ್ತದೆ. ಆದರೆ ನಡೆಯುವುದು ಹಾಗಲ್ಲ, ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ 23ನೇ ಕಲಮಿನ ಮಧ್ಯಂತರ ಅರ್ಜಿಯನ್ನು ಮೊದಲ ದಿನವೇ ಹಾಕಬೇಕು.

ಎದುರು ಪಕ್ಷದಿಂದ ಎರಡು ಆಕ್ಷೇಪ ಬಂದೇ ಬರುತ್ತವೆ. “ಈಕೆ ಈಗ ಹೆಂಡತಿಯಲ್ಲ” ಎಂಬುದು ಮೊದಲನೆಯದು, ಅದಕ್ಕೆ ಸುಪ್ರೀಂ ಕೋರ್ಟಿನ 2011ರ ಇಂದರ್‌ಜಿತ್ ಸಿಂಗ್ ಗ್ರೇವಾಲ್ ತೀರ್ಪನ್ನು ತೋರಿಸುತ್ತಾರೆ. ಉತ್ತರ ಅದೇ ಕೋರ್ಟಿನ 2014ರ ಜುವೇರಿಯಾ ಪಟ್ನಿ ತೀರ್ಪಿನಲ್ಲಿದೆ: ಮದುವೆ ಇದ್ದಾಗ ನಡೆದ ದೌರ್ಜನ್ಯದ ಹೊಣೆಯಿಂದ ನಂತರದ ವಿಚ್ಛೇದನ ಯಾರನ್ನೂ ಬಿಡಿಸುವುದಿಲ್ಲ. “ಒಂದು ವರ್ಷ ದಾಟಿದೆ” ಎಂಬುದು ಎರಡನೆಯದು. ಮ್ಯಾಜಿಸ್ಟ್ರೇಟರಿಗೆ ಕೊಡುವ ಈ 12ನೇ ಕಲಮಿನ ಅರ್ಜಿಗೆ ಆ ಒಂದು ವರ್ಷದ ಮಿತಿ ಇಲ್ಲ ಎಂದು 2022ರ ಕಾಮಾಚಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಹಲ್ಲೆ ನಡೆದದ್ದೇ ವಿಚ್ಛೇದನವಾದ ಮೇಲೆ, ಕಚೇರಿ ಬಾಗಿಲಲ್ಲೋ ಮಗುವಿನ ಶಾಲೆಯ ಎದುರೋ ಎಂದಾದರೆ ಈ ಕಾಯ್ದೆಯಡಿ ವಾದ ಅಷ್ಟು ಸಲೀಸಲ್ಲ. ಅಲ್ಲಿ ಸಿವಿಲ್ ದಾವೆಯೇ ಗಟ್ಟಿ. ಹೆಂಡತಿಯಿಂದ ಹಲ್ಲೆಗೊಳಗಾದ ಗಂಡಸಿಗೂ ಇರುವುದು ಸಿವಿಲ್ ದಾವೆ ಮತ್ತು ಕ್ರಿಮಿನಲ್ ದೂರು. 2005ರ ಕಾಯ್ದೆಯಡಿ ಅರ್ಜಿ ಹಾಕಬಲ್ಲವರು ಹೆಂಗಸರು ಮಾತ್ರ.

ಸಿವಿಲ್ ದಾವೆಗೆ ಕಾಲಮಿತಿ ಬಹಳ ಮುಖ್ಯ. 1963ರ ಕಾಲಮಿತಿ ಕಾಯ್ದೆಯಲ್ಲಿ ದೈಹಿಕ ಹಲ್ಲೆಗೆಂದೇ ಬೇರೆ ಅನುಚ್ಛೇದ ಇಲ್ಲ. ಉಳಿದೆಲ್ಲ ದಾವೆಗಳಿಗೆ ಇರುವ 113ನೇ ಅನುಚ್ಛೇದವೇ ಇದಕ್ಕೂ: ಹಲ್ಲೆಯ ದಿನದಿಂದ ಮೂರು ವರ್ಷ. ಪ್ರತಿ ಹಲ್ಲೆಗೂ ಗಡುವು ಬೇರೆ ಬೇರೆ. ವಿಚ್ಛೇದನ ಪ್ರಕರಣ ನಡೆಯುತ್ತಿತ್ತು, ಕ್ರಿಮಿನಲ್ ಪ್ರಕರಣ ಮುಗಿಯಲಿ ಎಂದು ಕಾಯುತ್ತಿದ್ದೆ ಎಂದರೆ ಗಡುವು ಮುಂದೆ ಹೋಗುವುದಿಲ್ಲ. ಅತಿ ಹೆಚ್ಚು ಜನ ಹಕ್ಕು ಕಳೆದುಕೊಳ್ಳುವುದು ಇಲ್ಲೇ. ಪ್ರತಿವಾದಿ ಭಾರತದ ಹೊರಗಿದ್ದ ಅವಧಿಯನ್ನು 15ನೇ ಕಲಮಿನಡಿ ಲೆಕ್ಕದಿಂದ ಬಿಡಬಹುದು, ಅವನ ಪ್ರಯಾಣದ ದಾಖಲೆ ಇದ್ದರೆ ಅದು ಉಪಯೋಗಕ್ಕೆ ಬರುತ್ತದೆ.

ದಾವೆಯನ್ನು ಹಲ್ಲೆ ನಡೆದ ಊರಿನಲ್ಲಿ ಅಥವಾ ಅವನು ವಾಸವಿರುವ ಊರಿನಲ್ಲಿ ಹಾಕಬೇಕು. ಆಯ್ಕೆ ವಾದಿಯದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 19ನೇ ಕಲಂ ಹೇಳುವುದು ಅದನ್ನೇ. ನೀವು ಈಗ ಇರುವ ಊರು ಇದರಲ್ಲಿ ಬರುವುದಿಲ್ಲ, ಮ್ಯಾಜಿಸ್ಟ್ರೇಟರ ಅರ್ಜಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಹಲ್ಲೆ ಮದುವೆ ಇದ್ದಾಗಲೇ ನಡೆದಿದ್ದರೆ, ಇದು ವೈವಾಹಿಕ ಸಂಬಂಧದಿಂದ ಹುಟ್ಟಿದ ವ್ಯಾಜ್ಯ, ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಬೇಕು ಎಂಬ ತಕರಾರು ಬರಬಹುದು. ಆ ತಕರಾರು ಗೆದ್ದರೆ ವಾದಪತ್ರ ವಾಪಸಾಗುತ್ತದೆ. ಪ್ರಾಮಾಣಿಕವಾಗಿ ತಪ್ಪು ನ್ಯಾಯಾಲಯದಲ್ಲಿ ಕಳೆದ ಕಾಲವನ್ನು ಕಾಲಮಿತಿ ಕಾಯ್ದೆಯ 14ನೇ ಕಲಂ ಬಿಟ್ಟುಕೊಡುತ್ತದಾದರೂ, ಮೂರನೇ ವರ್ಷದ ಕೊನೆಯ ವಾರದಲ್ಲಿ ದಾವೆ ಹೂಡಿದವರಿಗೆ ಆಗ ಉಸಿರಾಡಲು ಜಾಗ ಇರುವುದಿಲ್ಲ. ಎರಡು ವರ್ಷದೊಳಗೆ ಹೂಡುವುದು ಕ್ಷೇಮ.

ದಾವೆಗೆ ಮುಂಚೆ ಲೀಗಲ್ ನೋಟಿಸ್ ಕೊಡಲೇಬೇಕೆಂಬ ಕಡ್ಡಾಯ ಇಲ್ಲ. ಅವನು ಮತ್ತೆ ಕೈ ಮಾಡುವ ಮನುಷ್ಯ ಎಂದಿದ್ದರೆ ನೋಟಿಸ್ ಬೇಡ ಎನ್ನುತ್ತೇನೆ. ನೋಟಿಸ್ ಕೈಸೇರಿದ ದಿನಗಳು ಅಪಾಯದ ದಿನಗಳು. ಮೊದಲು ಮಧ್ಯಂತರ ಸಂರಕ್ಷಣಾ ಆದೇಶ ಪಡೆದು, ಆಮೇಲೆ ಹಣದ ಮಾತಿಗೆ ಹೋಗಬೇಕು. ಆ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ ಆಗಬಹುದು.

ಇನ್ನು ಎಷ್ಟು ಕೇಳಬೇಕು? ಕೇಳಿದ ಮೊತ್ತಕ್ಕೆ ತಕ್ಕಂತೆ ಕೋರ್ಟ್ ಫೀ ಕಟ್ಟಬೇಕು. ಕರ್ನಾಟಕದಲ್ಲಿ ಹತ್ತು ಲಕ್ಷದ ದಾವೆಗೆ ಅದು 60,000 ರೂಪಾಯಿ ದಾಟುತ್ತದೆ. ಕಟ್ಟಲು ಶಕ್ತಿ ಇಲ್ಲದವರು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೇ ಆದೇಶದಡಿ ನಿರ್ಗತಿಕರಾಗಿ ದಾವೆ ಹೂಡಲು ಅನುಮತಿ ಕೇಳಬಹುದು, ಅದರ ವಿಚಾರಣೆಗೇ ಸಮಯ ಹಿಡಿಯುತ್ತದೆ. ಅದಕ್ಕಾಗಿಯೇ ಬಾಯಿಗೆ ಬಂದ ಮೊತ್ತ ಹಾಕದೆ ಬಾಬ್ತು ಬಾಬ್ತಾಗಿ ಕೂಡಿಸಬೇಕು. ಆಸ್ಪತ್ರೆ ಮತ್ತು ಔಷಧಿ ಬಿಲ್ಲು, ಅವುಗಳ ಜೊತೆ ವೈದ್ಯರ ಚೀಟಿ (ಚೀಟಿ ಇಲ್ಲದ ಬಿಲ್ಲನ್ನು ಎದುರಿನವರು ಪ್ರಶ್ನಿಸುತ್ತಾರೆ), ಓಡಾಟದ ಖರ್ಚು, ನೋಡಿಕೊಂಡವರ ಕೂಲಿ, ರಜೆಯಲ್ಲಿ ಕಳೆದ ಸಂಬಳ, ಮುರಿದ ಕನ್ನಡಕ, ಒಡೆದ ಫೋನು, ಮುಂದೆ ಆಗಬೇಕಾದ ಶಸ್ತ್ರಚಿಕಿತ್ಸೆಯ ಅಂದಾಜು ಪತ್ರ. ನೋವು ಮತ್ತು ವಿಕಾರಕ್ಕೆ ಪ್ರತ್ಯೇಕ ಮೊತ್ತ.

ಶಾಶ್ವತ ಊನ ಉಳಿದಿದ್ದರೆ ವಾಹನ ಅಪಘಾತದ ಪ್ರಕರಣಗಳ ಲೆಕ್ಕವನ್ನೇ ಅಳತೆಗೋಲಾಗಿ ಮುಂದಿಡಬಹುದು. ಹೊಲಿಗೆ ಕೆಲಸದಿಂದ ತಿಂಗಳಿಗೆ 18,000 ದುಡಿಯುವ, 34 ವರ್ಷದ ಹೆಂಗಸಿನ ಬಲ ಮಣಿಕಟ್ಟು ಮುರಿದು, ದುಡಿಮೆಯ ಶಕ್ತಿ ನೂರಕ್ಕೆ 10ರಷ್ಟು ಕುಂದಿದೆ ಎನ್ನಿ. ವರ್ಷದ ಆದಾಯ 2,16,000, ಅದರ ಹತ್ತನೇ ಒಂದು ಪಾಲು 21,600. ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ (ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ) 16. ಒಟ್ಟು 3,45,600 ರೂಪಾಯಿ. ಹೊರಗೆ ದುಡಿಯದ ಗೃಹಿಣಿಗೂ ಅಂದಾಜು ಆದಾಯ ಹಿಡಿಯಬೇಕು ಎಂದು 2021ರ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. “ಮನೆಯಲ್ಲೇ ಇದ್ದಳು, ಏನು ನಷ್ಟ” ಎಂಬ ವಾದಕ್ಕೆ ಅದು ಉತ್ತರ. ಒಂದು ವಿಷಯ ಮಾತ್ರ ನೆನಪಿರಲಿ. ಕೈಗೆ ನೂರಕ್ಕೆ 30ರಷ್ಟು ಊನ ಎಂದು ವೈದ್ಯರು ಬರೆದುಕೊಟ್ಟರೆ ದುಡಿಮೆಯೂ ಅಷ್ಟೇ ಕುಂದಿತು ಎಂದಲ್ಲ. ಆ ಕೈಯಿಂದ ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ಸಾಕ್ಷ್ಯದಲ್ಲಿ ಬಿಡಿಸಿ ಹೇಳಬೇಕು. ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿದರೆ ಸಾಲದು, ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆಸಬೇಕು ಎಂಬುದು ಸುಪ್ರೀಂ ಕೋರ್ಟಿನ 2010ರ ರಾಜ್‌ಕುಮಾರ್ ತೀರ್ಪಿನ ಪಾಠ. ಚಿಕಿತ್ಸೆ ಕೊಟ್ಟ ವೈದ್ಯರು ವರ್ಗವಾಗಿ ಹೋಗುತ್ತಾರೆ, ಅವರ ಹೆಸರು ಮತ್ತು ನೋಂದಣಿ ಸಂಖ್ಯೆಯನ್ನು ಚೀಟಿಯಿಂದ ಈಗಲೇ ಬರೆದಿಟ್ಟುಕೊಳ್ಳಿ.

ಕ್ರಿಮಿನಲ್ ಪ್ರಕರಣದಲ್ಲಿ ಅವನು ಖುಲಾಸೆಯಾದರೆ ಸಿವಿಲ್ ದಾವೆ ಬೀಳುವುದಿಲ್ಲ. ಅಲ್ಲಿ ಸಂಶಯಾತೀತ ಸಾಬೀತು ಬೇಕು, ಇಲ್ಲಿ ಸಂಭವನೀಯತೆ ಯಾರ ಕಡೆ ವಾಲುತ್ತದೆ ಎಂಬುದಷ್ಟೇ ಪ್ರಶ್ನೆ. ಹಾಗೆಯೇ ಅಲ್ಲಿ ಶಿಕ್ಷೆಯಾದರೂ ಇಲ್ಲಿ ಹಲ್ಲೆಯನ್ನು ಮತ್ತೆ ಸಾಬೀತು ಮಾಡಲೇಬೇಕು. ಅವನು ಅಲ್ಲಿ ತಪ್ಪೊಪ್ಪಿಕೊಂಡಿದ್ದರೆ ಮಾತ್ರ ಆ ಒಪ್ಪಿಗೆಯನ್ನು ಇಲ್ಲಿ ಬಳಸಬಹುದು. ಕ್ರಿಮಿನಲ್ ಕಡತದಿಂದ ಮಹಜರು, ಗಾಯದ ಪ್ರಮಾಣಪತ್ರ, ಸಾಕ್ಷಿಗಳ ಹೇಳಿಕೆಗಳ ದೃಢೀಕೃತ ನಕಲು ತೆಗೆದಿಡಿ. ಒಂದೇ ಗಾಯಕ್ಕೆ ಎರಡು ಸಲ ಹಣ ಸಿಗುವುದಿಲ್ಲ. ಮ್ಯಾಜಿಸ್ಟ್ರೇಟರ ಆದೇಶದಡಿ ಬಂದದ್ದನ್ನು ಸಿವಿಲ್ ಡಿಕ್ರಿಯ ಮೊತ್ತದಿಂದ ಕಳೆಯುತ್ತಾರೆ, ಕ್ರಿಮಿನಲ್ ನ್ಯಾಯಾಲಯ ಕೊಡಿಸಿದ್ದನ್ನೂ ಗಣನೆಗೆ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಸರಿಯಿದ್ದೂ ಹಕ್ಕು ಕೈತಪ್ಪುವ ಜಾಗ ಒಂದಿದೆ: ಪರಸ್ಪರ ಒಪ್ಪಿಗೆಯ ವಿಚ್ಛೇದನದ ರಾಜಿ ಪತ್ರ. ಅದರಲ್ಲಿ ಸಾಮಾನ್ಯವಾಗಿ ಒಂದು ಅಚ್ಚೊತ್ತಿದ ವಾಕ್ಯ ಇರುತ್ತದೆ, ಉಭಯತ್ರರಿಗೂ ಪರಸ್ಪರರ ಮೇಲೆ ಹಿಂದಿನ, ಇಂದಿನ, ಮುಂದಿನ ಯಾವುದೇ ಹಕ್ಕು ಬಾಧ್ಯತೆ ಉಳಿದಿಲ್ಲ ಎಂದು. ಬೇಗ ಮುಗಿದರೆ ಸಾಕು ಎಂಬ ದಣಿವಿನಲ್ಲಿ ಅದಕ್ಕೆ ರುಜು ಹಾಕಿದವರ ನಷ್ಟಪರಿಹಾರದ ದಾವೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಪರಿಹಾರದ ಹಕ್ಕು ಉಳಿಸಿಕೊಳ್ಳಬೇಕಾದರೆ, ಇಂಥ ದಿನಾಂಕದ ಹಲ್ಲೆಗೆ ಸಂಬಂಧಿಸಿದ ನಷ್ಟಪರಿಹಾರ ಈ ರಾಜಿಯಲ್ಲಿ ಸೇರಿಲ್ಲ ಎಂದು ಸ್ಪಷ್ಟವಾಗಿ ಬರೆಸಬೇಕು. ಅವನು ಒಪ್ಪದಿದ್ದರೆ ಆ ಹಕ್ಕಿನ ಬೆಲೆಯನ್ನು ಇತ್ಯರ್ಥದ ಮೊತ್ತಕ್ಕೇ ಸೇರಿಸಿ, ಪೂರ್ತಿ ಹಣ ಕೈಸೇರಿದ ಮೇಲೆ ರುಜು ಹಾಕಿ.

ಡಿಕ್ರಿ ಸಿಕ್ಕ ಮೇಲೆ ವಸೂಲಿಯದೇ ಇನ್ನೊಂದು ಹೋರಾಟ. ದಾವೆ ಹೂಡುವ ಮೊದಲೇ ಅವನ ಹೆಸರಿನಲ್ಲಿ ಏನಿದೆ ಎಂದು ಪಹಣಿ, ಇ-ಖಾತಾ, ಋಣಭಾರ ಪತ್ರಗಳಲ್ಲಿ ನೋಡಿಕೊಳ್ಳಿ. ಜೀವನಾಂಶದ ಪ್ರಕರಣದಲ್ಲಿ ಅವನು ಸಲ್ಲಿಸಿದ ಆಸ್ತಿ-ಹೊಣೆಗಳ ಪ್ರಮಾಣಪತ್ರ ಇದ್ದರೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗದು. ದಾವೆ ನಡೆಯುವಾಗ ಸೈಟನ್ನು ಅಣ್ಣನ ಹೆಸರಿಗೆ ಮಾಡಲು ಹೊರಟರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಡಿ ತೀರ್ಪಿಗೆ ಮುಂಚಿನ ಜಪ್ತಿ ಕೇಳಬಹುದು. ಮಾರುವ ಸುಳಿವಿಗೆ ಆಧಾರ ಬೇಕು, ಬರಿಯ ಅನುಮಾನ ನಡೆಯದು. ಸಂಬಳ ಜಪ್ತಿಗೂ ಮಿತಿ ಇದೆ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರನೇ ಎರಡು ಪಾಲನ್ನು ಮುಟ್ಟುವಂತಿಲ್ಲ, ಒಂದು ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಜಪ್ತಿಗೆ ಒಳಪಡುವ ಸಂಬಳ 61,000 ಇದ್ದರೆ ತಿಂಗಳಿಗೆ 20,000, ಎರಡು ವರ್ಷಕ್ಕೆ 4,80,000. ಭವಿಷ್ಯ ನಿಧಿಯನ್ನು ಮುಟ್ಟಲಾಗದು. ಡಿಕ್ರಿಯನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿಗೆ 12 ವರ್ಷ ಕಾಲಾವಕಾಶ ಇದೆ, ಇಂದು ಅವನ ಬಳಿ ಏನೂ ಇಲ್ಲದಿದ್ದರೂ ಮುಂದೆ ಪಿತ್ರಾರ್ಜಿತ ಪಾಲು ಬಂದಾಗ ಹಿಡಿಯಬಹುದು. ಅವನು ಅಮೆರಿಕದಲ್ಲಿದ್ದರೆ ನಮ್ಮ ಡಿಕ್ರಿ ಅಲ್ಲಿ ನೇರವಾಗಿ ಜಾರಿಯಾಗದು, ಆ ಡಿಕ್ರಿಯ ಆಧಾರದ ಮೇಲೆ ಅಲ್ಲಿ ಬೇರೆ ಪ್ರಕರಣ ಹೂಡಬೇಕು. ಇಲ್ಲಿರುವ ಫ್ಲಾಟು, ಠೇವಣಿಗಳ ಮೇಲೆ ಕಣ್ಣಿಡುವುದು ಅದಕ್ಕಿಂತ ಸುಲಭ.

ತಡ ಮಾಡಬಾರದು ಎನ್ನಲು ಇನ್ನೊಂದು ಕಾರಣವಿದೆ, ವಕೀಲರೂ ಇದನ್ನು ಮರೆಯುತ್ತಾರೆ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 306ನೇ ಕಲಮಿನ ಪ್ರಕಾರ ಹಲ್ಲೆಯ ದಾವೆಯ ಹಕ್ಕು ವ್ಯಕ್ತಿಯೊಂದಿಗೇ ಹೋಗುತ್ತದೆ. ತೀರ್ಪಿಗೆ ಮುಂಚೆ ಹೊಡೆದವನು ಸತ್ತರೆ ಅವನ ವಾರಸುದಾರರ ಮೇಲೆ ದಾವೆ ಮುಂದುವರಿಯುವುದಿಲ್ಲ. ಡಿಕ್ರಿ ಆದ ಮೇಲೆ ಸತ್ತರೆ ಅದು ಸಾಲವಾಗಿ ಅವನ ಆಸ್ತಿಯ ಮೇಲೆ ಉಳಿಯುತ್ತದೆ.

ವಕೀಲರ ಖರ್ಚಿಗೆ ಹೆದರಿ ನಿಂತಿರುವ ಹೆಂಗಸರು ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗಬೇಕು, ಕೋರ್ಟ್ ಫೀ ಭರಿಸುವುದೂ ಆ ನೆರವಿನಲ್ಲಿ ಸೇರಿದೆ. ಅರ್ಜಿಯ ಜೊತೆ ಆಧಾರ್ ಪ್ರತಿ, ವಿಚ್ಛೇದನದ ಡಿಕ್ರಿ, ಗಾಯದ ಪ್ರಮಾಣಪತ್ರ, ಎಫ್‌ಐಆರ್ ಅಥವಾ ಎನ್‌ಸಿಆರ್ ಒಯ್ಯಿರಿ. ಸಹಾಯವಾಣಿ 15100. ತುರ್ತಿಗೆ 112, ಮಹಿಳಾ ಸಹಾಯವಾಣಿ 181.